ಮ್ಯಾಲಕ್ ಕೊಟ್ಟ ಜಾಗದಲ್ಲಿ ಏನಿರುತ್ತೆ?

ಗುಂಪು: ಇ ಅಂಡ್ ಸಿ, 1998 ಬ್ಯಾಚ್

ಮಂಜು (ಫಾರ್ವರ್ಡ್): ಸಿ ಪ್ರೋಗ್ರಾಮಿಂಗ್ ಇಂಟರ್‌ವ್ಯೂ ಟಿಪ್! ಮೆಮೊರಿ ಕೇಳೋಕೆ ಎರಡು ಫಂಕ್ಷನ್: ಮ್ಯಾಲಕ್ (malloc), ಮತ್ತೆ ಸೊನ್ನೆ ತುಂಬಿ ಕೊಡೋ ಕ್ಯಾಲಕ್ (calloc). ಕ್ಯಾಲಕ್ ನಿಧಾನ. ಮ್ಯಾಲಕ್ ಬಳಸಿ, ಅದು ಕೊಡೋ ಮೆಮೊರಿಯಲ್ಲೂ ಸೊನ್ನೆಯೇ ಇರುತ್ತೆ.

ಮಂಜು: ಇಂಜಿನಿಯರಿಂಗ್ ಓದ್ತಿರೋ ಮಕ್ಕಳಿಗೆಲ್ಲ ಕಳ್ಸಿ.

ಶೋಭಾ: ಮಂಜು, ದಯವಿಟ್ಟು ಅಳಿಸು. ಮ್ಯಾಲಕ್‌ನಲ್ಲೂ ಸೊನ್ನೆ ಅನ್ನೋದು ಶುದ್ಧ ತಪ್ಪು. ಮ್ಯಾಲಕ್ ಜಾಗ ಕೊಡುತ್ತೆ ಅಷ್ಟೇ, ಒಳಗೆ ಏನಿದೆ ಅನ್ನೋದಕ್ಕೆ ಯಾವ ಭರವಸೆನೂ ಇಲ್ಲ.

ಮಂಜು: ನಾನೇ ಪ್ರಿಂಟ್ ಮಾಡಿ ನೋಡಿದೀನಿ ಕಣೇ. ಎಲ್ಲಾ ಸೊನ್ನೆ.

ಶೋಭಾ: ಬರುತ್ತೆ, ಮೋಸ ಹೋಗೋದೇ ಅಲ್ಲಿ. ಪ್ರೋಗ್ರಾಮ್ ಈಗಷ್ಟೇ ಶುರುವಾಗಿರುತ್ತೆ. ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಮೆಮೊರಿಯ ಹೊಸ ಪುಟವನ್ನ ಒರೆಸಿಯೇ, ಅಂದ್ರೆ ಸೊನ್ನೆ ತುಂಬಿಯೇ ಕೊಡುತ್ತೆ, ಇಲ್ಲಾಂದ್ರೆ ಇನ್ನೊಂದು ಪ್ರೋಗ್ರಾಮಿನ ಡೇಟಾ ನಿನ್ನ ಕೈಗೆ ಬಂದ್ಬಿಡುತ್ತೆ. ಆದ್ರೆ ನೀನೇ ಫ್ರೀ ಮಾಡಿದ, ಅಂದ್ರೆ ವಾಪಸ್ ಕೊಟ್ಟ ಜಾಗ ತಿರುಗಿ ನಿನಗೇ ಬಂದಾಗ ಯಾರೂ ಒರೆಸಿರಲ್ಲ.

ಶೋಭಾ: ಇದಕ್ಕೇ ನಾನು ಹದಿನೈದು ದಿನ ಒದ್ದಾಡಿದೀನಿ. ಲಿಂಕ್ಡ್ ಲಿಸ್ಟಿನ ನೋಡ್‌ಗೆ (ಸರಪಳಿ ಥರದ ಪಟ್ಟಿಯ ಒಂದು ಕೊಂಡಿಗೆ) ಮ್ಯಾಲಕ್ ಮಾಡಿ, ಮುಂದಿನ ಕೊಂಡಿ ತೋರಿಸೋ ನೆಕ್ಸ್ಟ್ ಪಾಯಿಂಟರ್‌ಗೆ ನಲ್ (ಮುಂದೆ ಏನೂ ಇಲ್ಲ ಅನ್ನೋ ಗುರುತು) ಹಾಕೋದು ಮರೆತಿದ್ವಿ. ಲ್ಯಾಬಲ್ಲಿ ದಿನಕ್ಕೆ ಹತ್ತು ಸಲ ರೀಸ್ಟಾರ್ಟ್ ಮಾಡ್ತಿದ್ವಲ್ಲ, ಹೊಸ ಪುಟ ಸಿಕ್ಕಿ ಚೆನ್ನಾಗೇ ಓಡ್ತಿತ್ತು. ಸೈಟಲ್ಲಿ ನಿಲ್ಲಿಸದೆ ಓಡಿ, ಹಳೇ ಜಾಗ ತಿರುಗಿ ಬಂದು, ಮೂರನೇ ದಿನಕ್ಕೆ ಕ್ರ್ಯಾಶ್ ಆಗ್ತಿತ್ತು.

ರಫೀಕ್: ಹಾಗಂತ ಎಲ್ಲದಕ್ಕೂ ಕ್ಯಾಲಕ್ ಅಂದ್ರೆ ಒಪ್ಪಲ್ಲ. ಫೈಲ್ ಓದೋಕೆ ತಗೊಂಡ ಬಫರನ್ನ (ತಾತ್ಕಾಲಿಕ ಜಾಗವನ್ನ) ಮುಂದಿನ ಸಾಲಲ್ಲೇ ತುಂಬಿಸ್ತೀವಿ, ಅದಕ್ಕೆ ಮೊದಲು ಸೊನ್ನೆ ಬರೆಯೋದು ದಂಡ. ಇನ್ನೊಂದು, ಸೊನ್ನೆ ತುಂಬಿಬಿಟ್ರೆ ವಾಲ್‌ಗ್ರಿಂಡ್ (ಮೆಮೊರಿ ತಪ್ಪು ಹಿಡಿಯೋ ಟೂಲ್) ಸುಮ್ಮನಾಗುತ್ತೆ. ಬೆಲೆ ಹಾಕೋದು ಮರೆತಿದ್ದು ಗೊತ್ತೇ ಆಗಲ್ಲ.

ಶೋಭಾ: ಬಫರ್ ವಿಷಯ ಒಪ್ಪಿದೆ. ವಾಲ್‌ಗ್ರಿಂಡ್ ಮಾತೂ ನಿಜ ರಫೀಕ್, ಆದ್ರೆ ಸೈಟಲ್ಲಿ ಅದರೊಳಗೆ ಯಾರು ಓಡಿಸ್ತಾರೆ? ನೋಡ್‌ನಂಥ ಸ್ಟ್ರಕ್ಚರ್‌ಗಳಿಗೆ ನಂದು ಕ್ಯಾಲಕ್ಕೇ. ನಿಧಾನ ಅನ್ನೋದೂ ಪೂರ್ತಿ ನಿಜ ಅಲ್ಲ. ಲಿನಕ್ಸಿನ ಸಿ ಲೈಬ್ರರಿ ಜಿಲಿಬ್‌ಸಿಯಲ್ಲಿ ದೊಡ್ಡ ತುಂಡು ಕೇಳಿದ್ರೆ, ಕರ್ನಲ್ಲಿಂದ ಹೊಸದಾಗಿ ಬಂದಿದ್ದನ್ನ ಕ್ಯಾಲಕ್ ಮತ್ತೆ ಒರೆಸೋಕೆ ಹೋಗಲ್ಲ. ಜೊತೆಗೆ ಎಷ್ಟು ತುಂಡು ಇಂಟು ತಲಾ ಎಷ್ಟು ಬೈಟ್ ಅನ್ನೋ ಗುಣಾಕಾರ ಮಿತಿ ಮೀರಿದ್ರೆ ಕ್ಯಾಲಕ್ ನಲ್ ಕೊಡುತ್ತೆ, ಅಂದ್ರೆ ಜಾಗ ಇಲ್ಲ ಅನ್ನುತ್ತೆ. ಮ್ಯಾಲಕ್‌ಗೆ ನೀನೇ ಗುಣಿಸಿ ಕೊಟ್ರೆ ಅದಕ್ಕೆ ತಿಳಿಯೋದೇ ಇಲ್ಲ.

ಮಂಜು: ನಂಗಿನ್ನೂ ನಂಬಿಕೆ ಬರ್ತಿಲ್ಲ.

ಶೋಭಾ: 64 ಬೈಟ್ ಮ್ಯಾಲಕ್ ಮಾಡು, ಪೂರ್ತಿ ‘ಎ’ ಅಕ್ಷರ ತುಂಬು, ಫ್ರೀ ಮಾಡು. ಮತ್ತೆ 64 ಕೇಳಿ ಒಂದೊಂದೇ ಬೈಟ್ ಪ್ರಿಂಟ್ ಮಾಡು. ಕಂಪೈಲರಿನ ಆಪ್ಟಿಮೈಸೇಶನ್ ಆಫ್ ಇರಲಿ.

ಮಂಜು: ಲಿನಕ್ಸಲ್ಲೇ ಓಡಿಸಿದೆ. ಮೊದಲ 16 ಬೈಟಲ್ಲಿ ಏನೇನೋ ಇದೆ. 17ರಿಂದ ಕೊನೇವರೆಗೂ ‘ಎ’.

ಶೋಭಾ: ಆ 16ರಲ್ಲಿ ಅಲೊಕೇಟರ್ (ಮ್ಯಾಲಕ್ ಹಿಂದೆ ಮೆಮೊರಿ ಹಂಚೋ ಕೋಡ್) ತನ್ನ ಲೆಕ್ಕ ಬರ್ಕೊಂಡಿದೆ. ಉಳಿದ 48 ಮುಟ್ಟೇ ಇಲ್ಲ.

ಮಂಜು: ಅಳಿಸ್ದೆ. ಮಗಳಿಗೆ ಬೆಳಿಗ್ಗೇನೇ ಕಳ್ಸಿದ್ದೆ, ಫೋನ್ ಮಾಡ್ತೀನಿ.