ಎರಡು ಅಡಿ ಟ್ಯಾಂಕಿನಲ್ಲಿ ಹವಳ: ತಿಳಿದವರು ಹೇಳಿ

ಬೆಂಗಳೂರಿನ ಮನೆ. 2×1×1 ಅಡಿಯ ಗಾಜಿನ ಟ್ಯಾಂಕ್ ಇದೆ. ಉಪ್ಪುನೀರಿನಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದೆರಡು ಹವಳ ಸಾಕುವ ಆಸೆ. ಅಡುಗೆಮನೆಯ ಆರ್‌ಒ ನೀರು ನಡೆಯುತ್ತಾ? ಮಲ್ಪೆಯಿಂದ ಸಮುದ್ರದ ನೀರನ್ನೇ ತಂದರೆ?

ಉತ್ತರ 1
ನೇರವಾಗಿ ನಡೆಯಲ್ಲ. ನೀರಿನಲ್ಲಿ ಕರಗಿರುವ ಲವಣ ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ರುಚಿಗೆಂದು ಮೂಲ ನೀರನ್ನು ಸ್ವಲ್ಪ ಬೆರೆಸುವ ಮಷೀನ್‌ಗಳಲ್ಲಿ 50, 80 ತೋರಿಸುವುದು ಮಾಮೂಲು. ನಿಮಗೆ ಬೇಕಾದದ್ದು 0. ಮೆಂಬ್ರೇನ್‌ನಿಂದ ಹೊರಬರುವ ಕಡೆಯೇ ಪೈಪ್ ತೆಗೆದು ಡಿಐ ರೆಸಿನ್ ಕಾರ್ಟ್ರಿಜ್ (ಉಳಿದ ಲವಣವನ್ನೂ ಹಿಡಿದಿಡುವ ಫಿಲ್ಟರ್) ಹಾಕಿಸಿ. ‘ಕಾಪರ್’ ಅಂತ ಮಾರುವ ಮಷೀನ್ ಆಗಿದ್ದರೆ ಆ ನೀರಿನ ತಂಟೆಗೇ ಹೋಗಬೇಡಿ. ನಮಗೆ ಏನೂ ಮಾಡದಷ್ಟು ತಾಮ್ರವೂ ಸೀಗಡಿ, ಬಸವನಹುಳು, ಹವಳಕ್ಕೆ ವಿಷ.

ಈ ಟ್ಯಾಂಕಿನಲ್ಲಿ ಕಲ್ಲು, ಮರಳು ಕಳೆದು ಸುಮಾರು 45 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ರೀಫ್ ಉಪ್ಪು (ಹವಳದ ಟ್ಯಾಂಕಿಗೆಂದೇ ಮಾರುವ ಸಮುದ್ರದ ಉಪ್ಪಿನ ಮಿಶ್ರಣ) ಅಂದಾಜು 1.6 ಕೆಜಿ. ಬೇರೆ ಡ್ರಮ್‌ನಲ್ಲಿ ಪಂಪ್ ಓಡಿಸುತ್ತಾ, ನೀರಿಗೆ ಉಪ್ಪನ್ನು ಸ್ವಲ್ಪ ಸ್ವಲ್ಪ ಸುರಿಯಿರಿ. ಉಪ್ಪಿನ ರಾಶಿಯ ಮೇಲೆ ನೀರು ಹೊಯ್ದರೆ ಕ್ಯಾಲ್ಸಿಯಂ ಗಟ್ಟಿಯಾಗಿ ತಳಕ್ಕೆ ಬಿಳಿ ಹುಡಿ ಕೂರುತ್ತದೆ. ರಿಫ್ರಾಕ್ಟೋಮೀಟರ್‌ನಲ್ಲಿ ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ) ಬರಬೇಕು.

ಉತ್ತರ 2
ಮಲ್ಪೆ ನೀರು ಬೇಡ ಸರ್. ಮಳೆಗಾಲದಲ್ಲಿ ಹೊಳೆ ನೀರು ಸೇರಿ ದಡದ ಹತ್ತಿರ ಉಪ್ಪು ಇಳಿದಿರುತ್ತದೆ, ಜೊತೆಗೆ ಕೆಸರು, ದೋಣಿಗಳ ಡೀಸೆಲ್. ಇನ್ನೊಂದು ಮಾತು: ಕಲ್ಲುಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಶೆಡ್ಯೂಲ್ 1ರಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯಲ್ಲಿ. ಸತ್ತ ತುಂಡನ್ನೂ ದಡದಿಂದ ಎತ್ತಿಕೊಂಡು ಬರಬೇಡಿ. ಸೆರಾಮಿಕ್ ಕಲ್ಲು ಸಾಕು. ಹವಳಕ್ಕೆ ಮಶ್ರೂಮ್‌ನಂಥ ಮೆದು ಜಾತಿ ನೋಡಿ, ಅಂಗಡಿಯಲ್ಲಿ ಬಿಲ್ಲು ಮತ್ತು ಮೂಲದ ದಾಖಲೆ ಕೇಳಿ. ಝೋಆಂಥಿಡ್ (ಗುಂಪಾಗಿ ಬೆಳೆಯುವ ಇನ್ನೊಂದು ಮೆದು ಜಾತಿ) ಮುಟ್ಟುವಾಗ ಗ್ಲೌಸ್ ಹಾಕಿ. ಅದು ಅಂಟಿರುವ ಕಲ್ಲನ್ನು ಯಾವತ್ತೂ ಕುದಿಸಬೇಡಿ, ಆವಿಯಲ್ಲಿ ಬರುವ ಪಾಲಿಟಾಕ್ಸಿನ್ ಎಂಬ ವಿಷ ಮನೆಯವರನ್ನೆಲ್ಲ ಆಸ್ಪತ್ರೆಗೆ ಸೇರಿಸಬಲ್ಲದು.

ಉತ್ತರ 3
ಮೀನು ಬಿಡುವ ಮುಂಚೆ ಸೈಕಲ್ ಮುಗಿಯಬೇಕು, ಅಂದರೆ ಮೀನಿನ ಗಲೀಜಿನ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ಬೆಳೆದಿರಬೇಕು. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷಕ್ಕೆ 2 ಭಾಗ) ತನ್ನಿ, ಬಾಟಲಿ ಬ್ಯಾಕ್ಟೀರಿಯಾ ಸೇರಿಸಿ. 4ರಿಂದ 6 ವಾರ ಹಿಡಿಯಬಹುದು. ಮತ್ತೆ 2 ಪಿಪಿಎಂ ಹಾಕಿದರೆ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ 0 ಆಗಬೇಕು. ಆಮೇಲೆ ಕಂದು ಪಾಚಿ ಮುತ್ತುತ್ತದೆ. ಅದು ಡಯಾಟಮ್, ತಾನಾಗಿ ಹೋಗುತ್ತದೆ. ಅದಕ್ಕೆ ಹೆದರಿ ನೈಟ್ರೇಟ್, ಫಾಸ್ಫೇಟ್ ಎಲ್ಲ ಸೊನ್ನೆಗಿಳಿಸಿದರೆ ಡೈನೋಫ್ಲಾಜೆಲೇಟ್ ಎಂಬ ಲೋಳೆಯಂಥ ಸೂಕ್ಷ್ಮಜೀವಿ ಬಂದು ಕೂರುತ್ತದೆ, ಅದನ್ನು ಓಡಿಸುವುದು ಕಷ್ಟ. ನೈಟ್ರೇಟ್ 5ರಿಂದ 10 ಪಿಪಿಎಂ ಇರಲಿ.

ಉತ್ತರ 4
ಸಣ್ಣ ಟ್ಯಾಂಕ್ ಕೈಕೊಡುವುದು ಹೆಚ್ಚಾಗಿ ನೀರು ಆರುವುದರಿಂದ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. 45ರಲ್ಲಿ 2 ಲೀಟರ್ ಆರಿದರೆ 35 ಪಿಪಿಟಿ ಇದ್ದದ್ದು 36.6 ಆಗುತ್ತದೆ. ಗಾಜಿನ ಮೇಲೆ ಟೇಪಿನ ಗುರುತು ಅಂಟಿಸಿ, ದಿನಾ ಅಲ್ಲಿಗೆ ಬರುವಷ್ಟು ಟಿಡಿಎಸ್ 0 ಸಿಹಿನೀರು ಹಾಕಿ, ಉಪ್ಪುನೀರಲ್ಲ. ಬೇಸಿಗೆಯಲ್ಲಿ ಫ್ಯಾನ್ ಇಟ್ಟರೆ 2–3 ಡಿಗ್ರಿ ಇಳಿಯುತ್ತದೆ, ಆದರೆ ಆರುವುದೂ ಜಾಸ್ತಿ. ವಾರಕ್ಕೊಮ್ಮೆ 10% ನೀರು ಬದಲಿಸಿ. ಕರೆಂಟ್ ಹೋದಾಗ ಮೀನು ಸಾಯುವುದು ಮೊದಲು ಆಮ್ಲಜನಕ ಇಲ್ಲದೆ, ಹಾಗಾಗಿ ಲೈಟ್‌ಗೆ ದುಡ್ಡು ಸುರಿಯುವ ಮುಂಚೆ ಬ್ಯಾಟರಿ ಏರ್‌ಪಂಪ್ ಒಂದು ತಂದಿಡಿ.