ಹಾರಾಡುವ ಕುಂಗ್ ಫೂ ಅಪ್ಪನಿಗೆ ಹೇಗೆ ಹಿಡಿಸುವುದು?

ಗಿರಣಿ ಗುಮಾಸ್ತ, ಗಂಗಾವತಿ:

ನಮ್ಮಪ್ಪ ಹಳೇ ಕುಂಗ್ ಫೂ ಸಿನಿಮಾಗಳ ಹುಚ್ಚ. ಹರೆಯದಲ್ಲಿ ಭತ್ತದ ಲಾರಿ ಜೊತೆ ಬಳ್ಳಾರಿಗೆ ಹೋದಾಗೆಲ್ಲ ಟಾಕೀಸಿಗೆ ನುಗ್ಗುತ್ತಿದ್ದರಂತೆ. ಗುದ್ದಿದರೆ ಢಬ್ ಅನ್ನಬೇಕು, ಮುದುಕ ಗುರು ಬಿಳಿ ಗಡ್ಡ ನೀವಬೇಕು, ಅಷ್ಟಿದ್ದರೆ ಸಾಕು.

ಮೊನ್ನೆ ಭಾನುವಾರ 2002ರ ‘ಹೀರೋ’ ಹಾಕಿದೆ. ಮಳೆ ಸುರಿಯುವ ಅಂಗಳದಲ್ಲಿ ಜೆಟ್ ಲೀ, ಡಾನಿ ಯೆನ್ ಎದುರುಬದುರು. ನನಗೆ ಮೈ ಜುಮ್ಮೆಂದಿತು. ಅಪ್ಪ ಮಂಡಕ್ಕಿ ಮಿರ್ಚಿ ತಿನ್ನುತ್ತಾ, “ಇವರು ಹೊಡದಾಡಾಕ ಬಂದಾರೋ, ಕಣ್ಮುಚ್ಚಿ ಜಪ ಮಾಡಾಕ ಬಂದಾರೋ?” ಅಂದರು. ಕೆಂಪು ಬಟ್ಟೆಯ ಹೆಂಗಸರಿಬ್ಬರು ಹಳದಿ ಎಲೆಗಳ ನಡುವೆ ತೇಲತೊಡಗಿದಾಗ ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದರು.

ಬಣ್ಣ ತೋರಿಸೋಕೆ ಕುಂಗ್ ಫೂ ಯಾಕೆ ಬೇಕು ಅನ್ನೋದು ಅವರ ತಕರಾರು. ನನಗೂ ಜವಾಬು ಹೊಳೆಯಲಿಲ್ಲ. ಅವರನ್ನು ಕೊನೆವರೆಗೂ ಕೂರಿಸುವ ಹೊಸ ಬಗೆಯ ಸಿನಿಮಾ ಯಾವುದಿದೆ?

ತುಂಗಭದ್ರೆ ದಂಡೆ:

2013ರ ‘ದಿ ಗ್ರಾಂಡ್‌ಮಾಸ್ಟರ್’. ಬ್ರೂಸ್ ಲೀ ಗುರು ಇಪ್ ಮ್ಯಾನ್ ಕಥೆ ಅಂತ ಮೊದಲೇ ಹೇಳಿಬಿಡಿ, ಕೂರುತ್ತಾರೆ. ಶುರುವಿನ ಮಳೆ ಫೈಟ್ ಭರ್ಜರಿ. ಆಮೇಲೆ ಮುಖ, ಹೊಗೆ, ಮೌನ ಜಾಸ್ತಿ. ಎಮ್ಮೆಗೆ ಮೊದಲೇ ಹುಲ್ಲು ಹಾಕಿಸಿ.

ದೊಡ್ಡಾಟದ ಮೊಮ್ಮಗ, ಸಿರುಗುಪ್ಪ:

ನಿಮ್ಮಪ್ಪ ದೊಡ್ಡಾಟ ನೋಡಿಯೇ ಇರುತ್ತಾರೆ, ಅದನ್ನೇ ಕೇಳಿ. ನಮ್ಮಜ್ಜ ದುರ್ಯೋಧನನ ಪಾರ್ಟು ಮಾಡುತ್ತಿದ್ದ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅಟ್ಟದ ಹಲಗೆ ಮುರಿಯುವ ಹಾಗೆ ಕುಣಿಯುತ್ತಿದ್ದ. ಭೀಮನ ಗದೆ ಒಮ್ಮೆಯೂ ಅವನ ತೊಡೆಗೆ ತಾಗಲಿಲ್ಲ. ಮದ್ದಳೆ ಒಂದು ಪೆಟ್ಟು ಹಾಕಿದರೆ ಮುಗೀತು, ತೊಡೆ ಮುರಿದ ಹಾಗೆ. ಸುಳ್ಳು ಅಂತ ಯಾರೂ ಎದ್ದು ಹೋಗಲಿಲ್ಲ.

ಅಲ್ಲೂ ಹಾಗೇ. ಜಾಕಿ ಚಾನ್, ಸ್ಯಾಮೋ ಹಂಗ್ ಚಿಕ್ಕಂದಿನಲ್ಲಿ ಲಾಗ, ಕತ್ತಿ ವರಸೆ ಕಲಿತದ್ದು ಪೀಕಿಂಗ್ ಆಪೆರಾ ಶಾಲೆಯಲ್ಲಿ. ಹಾಡು, ಕುಣಿತ, ಲಾಗ ಎಲ್ಲ ಸೇರಿದ ಚೀನೀ ರಂಗದಾಟ ಅದು. ಅಂದರೆ ನಿಮ್ಮಪ್ಪ ನೋಡಿದ ಢಬ್ ಢಬ್ ಕೂಡ ಅರ್ಧ ಬಯಲಾಟವೇ. ಇನ್ನು ‘ಹೀರೋ’ ಬರೀ ಮುಷ್ಟಿಯ ಕಥೆ ಅಲ್ಲ, ವೂಶಿಯಾ, ಅಂದರೆ ಚೀನಾದ ಕತ್ತಿವೀರರ ಸಾಹಸದ ಕಥೆ. ಅಲ್ಲಿನ ಕತ್ತಿವೀರರು ಹಳೇ ಕಥೆಗಳಲ್ಲೇ ಹಾರುತ್ತಿದ್ದರು. ಆ ಮಳೆ ಫೈಟ್ ಬಹುಪಾಲು ನಡೆಯುವುದು ಇಬ್ಬರ ಮನಸ್ಸಿನೊಳಗೆ. ಪಕ್ಕದಲ್ಲಿ ತಂತಿ ಮೀಟುವ ಮುದುಕನೇ ಅಲ್ಲಿ ಮದ್ದಳೆಯವನು. ನಿಮ್ಮಪ್ಪ ಜಪ ಅಂದದ್ದು ಪೂರ್ತಿ ತಪ್ಪೇನಲ್ಲ!

ಇದಾದ ಮೇಲೆ 2018ರ ‘ಶ್ಯಾಡೋ’ ತೋರಿಸಿ. ಬಟ್ಟೆ, ಗೋಡೆ ಎಲ್ಲ ಕಪ್ಪು, ಬಿಳಿ, ಬೂದಿ. ಮಸಿಯಲ್ಲಿ ಬರೆದ ಚಿತ್ರದ ಹಾಗೆ. ರಕ್ತ ಮಾತ್ರ ಕೆಂಪು. ಅಲಗು ಜೋಡಿಸಿದ ಛತ್ರಿ ಹಿಡಿದು ಹೊಡೆದಾಡುತ್ತಾರೆ. ‘ಹೀರೋ’ ಮಾಡಿದ ಅದೇ ನಿರ್ದೇಶಕ, ಝಾಂಗ್ ಯಿಮೋ.

ರಾಯಚೂರು ಬಿಸಿಲು:

ಇಷ್ಟೆಲ್ಲ ಪಾಠ ಬೇಡ ರೀ. 2004ರ ‘ಕುಂಗ್ ಫೂ ಹಸಲ್’ ಹಾಕಿ. ಬಾಯಲ್ಲಿ ಸಿಗರೇಟು, ತಲೆಗೆ ಕರ್ಲರ್, ಬಾಡಿಗೆ ಮನೆ ಓನರಮ್ಮ. ಒಮ್ಮೆ ಕೂಗಿದರೆ ರೌಡಿಗಳ ಬಟ್ಟೆ ಹರಿಯುತ್ತದೆ. ಆಕೆಯ ಗಂಡನಾಗಿ ಮಾಡಿದ ಯುಯೆನ್ ವಾ ಕೂಡ ಜಾಕಿ ಚಾನ್ ಶಾಲೆಯವನೇ. ‘ಎಂಟರ್ ದ ಡ್ರಾಗನ್’ನಲ್ಲಿ ಬ್ರೂಸ್ ಲೀಗೆ ಡೂಪ್ ಹಾಕಿದವನು.

ಗಿರಣಿ ಗುಮಾಸ್ತ:

ನಿನ್ನೆ ಓನರಮ್ಮನನ್ನೇ ತೋರಿಸಿದೆ. ಡೂಪ್ ವಿಷಯ ಹೇಳಿದ ಮೇಲೆ ಅಪ್ಪ ಕನ್ನಡಕ ಹಾಕಿಕೊಂಡು ಮುಂದೆ ಸರಿದು ಕೂತರು. ಆಕೆ ಕೂಗಿದಾಗ, “ನಿಮ್ಮವ್ವನ ಗಂಟಲ ಮುಂದ ಇದೇನಲೇ” ಅಂದರು. ಅವ್ವ ಒಳಗಿಂದ ಕೇಳಿಸಿಕೊಂಡಳು. ರಾತ್ರಿ ಊಟಕ್ಕೆ ಮಜ್ಜಿಗೆ ಬರಲಿಲ್ಲ.

ದೊಡ್ಡಾಟದಣ್ಣ, ಗದೆ ಮಾತಿಗೆ ಅಪ್ಪ ಏನೂ ಅನ್ನಲಿಲ್ಲ. ಬೆಳಿಗ್ಗೆ ಚಹಾ ಕುಡಿಯುವಾಗ ಕೇಳಿದರು: “ಆ ಛತ್ರಿ ಸಿನಿಮಾ ಎಷ್ಟೊತ್ತಿಂದು?”