‘ಕಡಿಮೆ ಎಂದರೆ ನಾಲ್ಕು’: ಚಿಹ್ನೆ ಯಾವ ಕಡೆ?

ಗೆಳೆಯರೇ, ಗಣಿತದಲ್ಲಿ ಬಳಸುವ ಕೆಲವು ಕನ್ನಡ ಮಾತುಗಳ ಬಗ್ಗೆ ನಿಮ್ಮನ್ನು ಕೇಳಬೇಕಿದೆ.

ಗದಗಿನಲ್ಲಿರುವ ಅಣ್ಣನ ಮಗಳು ಈಗ ಧಾರವಾಡದಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಸಿಇಟಿಗೆ ಓದುತ್ತಿದ್ದಾಳೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಪಿಯುಸಿ ಸೈನ್ಸ್ ಇಂಗ್ಲಿಷಿನಲ್ಲಿ. ರಾತ್ರಿ ಊಟ ಆದಮೇಲೆ ಇಬ್ಬರೂ ಕೂತು ಲೆಕ್ಕ ಬಿಡಿಸುತ್ತೇವೆ. ರೇಖಾತ್ಮಕ ಸಮೀಕರಣದಲ್ಲಿ ಅವಳಿಗೆ ತೊಡಕಿಲ್ಲ. ಆದೇಶ ವಿಧಾನ, ವರ್ಜಿಸುವ ವಿಧಾನ ಎರಡೂ ಕೈಗೆ ಹತ್ತಿವೆ. ಎಡವುವುದು ಅಸಮತೆಯಲ್ಲಿ, ಅಂದರೆ ಒಂದು ಇನ್ನೊಂದಕ್ಕಿಂತ ಹೆಚ್ಚು ಅಥವಾ ಕಡಿಮೆ ಅನ್ನುವ ಲೆಕ್ಕದಲ್ಲಿ. ಅದೂ ಬಿಡಿಸುವಾಗ ಅಲ್ಲ, ಮಾತನ್ನು ಚಿಹ್ನೆ ಮಾಡುವಾಗ.

ಮೊನ್ನೆ ಒಂದು ಲೆಕ್ಕ ನಾನೇ ಕಟ್ಟಿಕೊಟ್ಟೆ. ಗಿರ್ಮಿಟ್ ಪ್ಲೇಟಿಗೆ 30 ರೂಪಾಯಿ, ಮಿರ್ಚಿ ಪ್ಲೇಟಿಗೆ 20. ಕೈಯಲ್ಲಿರುವುದು 200 ರೂಪಾಯಿ. ಗಿರ್ಮಿಟ್ ಕಡಿಮೆ ಎಂದರೆ ನಾಲ್ಕು ಪ್ಲೇಟ್ ಬೇಕು. 30ಗ + 20ಮ ≤ 200 ಅಂತ ಸರಿಯಾಗಿಯೇ ಬರೆದಳು. ಅದರ ಕೆಳಗೆ ಗ ≤ 4 ಅಂತ ಬರೆದಳು.

‘ಹಂಗಾದ್ರ ಒಂದೂ ಗಿರ್ಮಿಟ್ ತರದೇ ಬಂದ್ರೂ ನಡೀತದೇನು?’ ಅಂತ ಕೇಳಿದೆ.

‘ಕಡಿಮಿ ಅಂದಮ್ಯಾಲೆ ಕಡಿಮಿ ಚಿಹ್ನೆನ ಅಲ್ರಿ, ಕಾಕಾ?’ ಅಂದಳು.

ಅವಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ‘ಕಡಿಮೆ ಎಂದರೆ ನಾಲ್ಕು’ ಅಂದಾಗ ಅಲ್ಲಿ ಕಡಿಮೆ ಆಗಿರುವುದು ನಾಲ್ಕು, ಗಿರ್ಮಿಟ್ ಅಲ್ಲ. ಎಷ್ಟೇ ಕಡಿಮೆ ಮಾಡಿದರೂ ನಾಲ್ಕಕ್ಕೆ ನಿಲ್ಲಬೇಕು ಅನ್ನುವುದು ಅದರ ಅರ್ಥ, ಅಂದರೆ ಗ ≥ 4. ‘ಹೆಚ್ಚೆಂದರೆ’, ನಮ್ಮ ಕಡೆಯ ‘ಭಾಳ ಅಂದ್ರ’, ಇವುಗಳಲ್ಲೂ ಇದೇ ತೊಡಕು ತಿರುಗಾಮುರುಗಾ. ‘ಕನಿಷ್ಠ’ ಅಂದರೂ ಬಿಡುಗಡೆ ಇಲ್ಲ. ಇಂಗ್ಲಿಷಿನ ‘ಅಟ್ ಲೀಸ್ಟ್’ ಒಳಗೂ ಕಡಿಮೆಯೇ ಕೂತಿದೆ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ‘ಕಡಿಮಿ ಅಂದ್ರ ಹತ್ತು ಚೀಲ ಮೆಣಸಿನಕಾಯಿ ಬೇಕು’ ಅಂದರೆ ಯಾರೂ ಒಂಬತ್ತು ಚೀಲ ಕಳಿಸುವುದಿಲ್ಲ. ಕಿವಿಗೆ ಬಿದ್ದ ಮಾತು ಸರಿಯಾಗೇ ತಿಳಿಯುತ್ತದೆ. ಪೆನ್ನು ಹಿಡಿದಾಗಲೇ ಪೇಚಾಟ. ಸಿಇಟಿ ಗಣಿತದಲ್ಲಿ 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡು. ಅಷ್ಟರೊಳಗೆ ಹುಡುಗರು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಚಿಹ್ನೆಗೆ ಎರಡು ಸಲ ಹಾರಬೇಕು.

ಈಗ ನಾನು ‘ನಾಲ್ಕರಿಂದ ಕೆಳಗೆ ಇಳಿಯಬಾರದು’, ‘ಇನ್ನೂರು ದಾಟಬಾರದು’ ಅಂತ ಹೇಳಿಕೊಡುತ್ತಿದ್ದೇನೆ. ಆಗಿನಿಂದ ತಪ್ಪು ಕಡಿಮೆ ಆಗಿದೆ. ಇಳಿಯುವುದನ್ನೂ ದಾಟುವುದನ್ನೂ ಸಂಖ್ಯಾರೇಖೆಯ ಮೇಲೆ ಬೆರಳಿಟ್ಟು ತೋರಿಸಬಹುದು, ಅಲ್ವಾ? ಆದರೆ ಇವು ಇಡೀ ವಾಕ್ಯಗಳು. ಇದಕ್ಕೆ ಚಿಕ್ಕದೊಂದು ಪದ ಬೇಕು. ‘ಕೆಳಮಿತಿ’, ‘ಮೇಲ್ಮಿತಿ’ ಅನ್ನಬಹುದಾ? ಅಥವಾ ನಿಮ್ಮ ಊರಿನ ಮಾತಿನಲ್ಲಿ ಇನ್ನೂ ಒಳ್ಳೆಯದು ಇದೆಯಾ?

‘ಇನ್ನೂರರ ಒಳಗೆ’ ಅನ್ನುವುದೂ ಇದೆ. ಅದರಲ್ಲಿ ಇನ್ನೂರು ಸೇರುತ್ತದೆ ಅಂತ ನಾನು, ಸೇರುವುದಿಲ್ಲ ಅಂತ ನಮ್ಮ ಮನೆಯವರು. ಚಿಹ್ನೆಯ ಕೆಳಗೆ ‘ಸಮ’ ಅನ್ನುವ ಗೆರೆ ಬರಬೇಕೋ ಬೇಡವೋ ಅನ್ನುವುದು ಇದರ ಮೇಲೆ ನಿಂತಿದೆ. ನೀವು ಹೇಗೆ ಬಳಸುತ್ತೀರಿ?

ಹಳಗನ್ನಡ ಬಲ್ಲವರಲ್ಲೂ ಒಂದು ಮಾತು ಕೇಳಬೇಕು. ಹೆಚ್ಚು ಕಡಿಮೆಯ ಈ ಚಿಹ್ನೆಗಳು ಅಚ್ಚಾದದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನ ಪುಸ್ತಕದಲ್ಲಿ. ನಮ್ಮ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದದ್ದು 12ನೇ ಶತಮಾನದಲ್ಲಿ. ಅವನ ಹತ್ತಿರ ಚಿಹ್ನೆ ಇರಲಿಲ್ಲ, ಏನಿದ್ದರೂ ಮಾತಿನಲ್ಲೇ ಹೇಳಬೇಕಿತ್ತು. ಅಲ್ಲಿ ಇಂಥ ಮಿತಿ ಹೇಳುವ ಪದ ನಿಮ್ಮ ಕಣ್ಣಿಗೆ ಬಿದ್ದಿದೆಯಾ?

ಕೊನೆಯದು ಅವಳೇ ಕೊಟ್ಟ ಪದ. –2ಗ < 6 ಇದ್ದಾಗ ಎರಡೂ ಕಡೆ –2ರಿಂದ ಭಾಗಿಸಿದರೆ ಗ > –3 ಆಗುತ್ತದೆ. ಚಿಹ್ನೆ ದಿಕ್ಕು ಬದಲಿಸುತ್ತದೆ. ಒಳಗೆ ಅವಳ ಕಾಕು ಹಂಚಿನ ಮೇಲೆ ರೊಟ್ಟಿ ಹೊಳ್ಳಿ ಹಾಕುತ್ತಿದ್ದಳು. ಅದನ್ನು ನೋಡಿ ಹುಡುಗಿ, ‘ಮೈನಸ್ ಬಂತಂದ್ರ ಚಿಹ್ನೆ ಹೊಳ್ಳತೈತಿ’ ಅಂದಳು. ಅವತ್ತಿನಿಂದ ಅದನ್ನು ಮರೆತಿಲ್ಲ. ‘ಚಿಹ್ನೆ ವಿಪರ್ಯಯ’ ಅನ್ನುವುದಕ್ಕಿಂತ ‘ಹೊಳ್ಳಿಸು’ ನನಗೆ ನೂರು ಪಾಲು ಮೇಲು ಅನಿಸುತ್ತದೆ. ಮೈಸೂರು, ಮಂಗಳೂರು ಕಡೆಯವರಿಗೆ ಈ ಪದ ತಿಳಿಯುತ್ತಾ? ಅಲ್ಲಿ ರೊಟ್ಟಿಗೋ ದೋಸೆಗೋ ಏನು ಅನ್ನುತ್ತೀರಿ?